ಬಾಲಗೂಢಚಾರರ ಕಥೆಗಳು: ಒಂದು ಆಕ್ಷೇಪಣೆ

೧

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಇಂಗ್ಲಿಷು ಭಾಷೆಯಲ್ಲಿ ಹರೆಯದ ವಾಚಕರಿಗಾಗಿ ಹೊರಟಿರುವ ಕಾದಂಬರಿಗಳಲ್ಲಿ ಒಂದು ಜಾತಿಯವು ವಿಶೇಷವಾಗಿ ಬೆಳೆದಿವೆ. ಹನ್ನೆರಡು ಹದಿನಾಲ್ಕು ವರ್ಷದ ಒಬ್ಬ ಹುಡುಗ, ಅವನಿಗೆ ತಂದೆತಾಯಿಗಳಿಲ್ಲ, ಸರ್ಕಾರದ ಗುಪ್ತಚಾರ ಇಲಾಖೆಯವರು ಅವನನ್ನು ಆರಿಸಿ, ಪಳಗಿಸಿ, ಸುಳ್ಳು ಹೆಸರೊಂದನ್ನಿಟ್ಟು, ಕಳ್ಳಸಾಗಣೆಗಾರರ ಅಥವಾ ಕೊಲೆಗಡುಕರ ಕೂಟವೊಂದರೊಳಕ್ಕೆ ಬಿಡುವರು, ಅವನು ಆ ಕೂಟದವರ ವಿಶ್ವಾಸವನ್ನು ಸಂಪಾದಿಸಿ, ಅವರ ಗುಟ್ಟನ್ನು ತಿಳಿದು, ಅವರನ್ನು ಹಿಡಿದುಕೊಟ್ಟು, ಜಯಶಾಲಿಯಾಗಿ ಹಿಂತಿರುಗುವನು. ಕಥೆ ಇಷ್ಟೆ. ಇಂತಹವು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗಿವೆ. ಇಂಗ್ಲಿಷಿನಲ್ಲಿ ಓದುವ ಮಕ್ಕಳಿರುವ ನಮ್ಮ ಮನೆಗಳಿಗೂ ಇವು ಬಂದಿವೆ. ಹಿರಿಯರಾದ ನಾವು ರಕ್ಷಾಪತ್ರದ ಮೇಲಿನ ಚಿತ್ರವನ್ನು ಒಂದು ಸಲ ನೋಡಿ, "ಹುಡುಗ ಓದುತ್ತಾನಲ್ಲ, ಅಷ್ಟೇ ಸಾಕು" ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗತಕ್ಕದ್ದಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ಮೊದಲೇ ಒಂದು ಮಾತು. ಈ ಪುಸ್ತಕಗಳನ್ನು ಸುಡಬೇಕೆಂದಾಗಲಿ, ಪುಸ್ತಕಭಂಡಾರಗಳಿಂದ ಹೊರಹಾಕಬೇಕೆಂದಾಗಲಿ ನಾವು ಹೇಳುವುದಿಲ್ಲ. ಇವುಗಳಲ್ಲಿ ಹೊಡೆದಾಟ ಬಡಿದಾಟಗಳು ಹೆಚ್ಚೆಂಬ ದೂರೂ ನಮ್ಮದಲ್ಲ. ಮಹಾಭಾರತದ ಕಥೆಯನ್ನು ಕೇಳಿ ಬೆಳೆದ ಮಕ್ಕಳಿಗೆ ಯುದ್ಧದ ವರ್ಣನೆ ಹೊಸದೇನೂ ಅಲ್ಲ. ನಮ್ಮ ಆಕ್ಷೇಪಣೆ ಬೇರೆ. ಈ ಕಥೆಗಳಲ್ಲಿ ಹುಡುಗನು ಹಿಡಿಯುವ ಮುಖ್ಯವಾದ ಆಯುಧವು ಕೋವಿಯಲ್ಲ, ಕತ್ತಿಯಲ್ಲ, ಸ್ನೇಹ. ಸ್ನೇಹವನ್ನು ಆಯುಧವನ್ನಾಗಿ ಮಾಡಿ ಮಗುವಿನ ಕೈಗೆ ಕೊಟ್ಟು, ಅದರಿಂದ ಗಾಯಗೊಂಡವನ ಲೆಕ್ಕವನ್ನು ಕೇಳದೆಯೇ ಕಥೆಯನ್ನು ಮಂಗಳಮಾಡುವುದು ಈ ಗ್ರಂಥಕರ್ತರ ದೋಷ. ಅದು ಕಲಾದೋಷವೂ ಹೌದು, ಧರ್ಮದೋಷವೂ ಹೌದು.

೨

ಈ ಜಾತಿಯಲ್ಲಿ ಹೆಸರಾದ ಎರಡು ಮಾಲೆಗಳನ್ನು ಮುಂದಿಟ್ಟುಕೊಂಡು ವಿಚಾರಮಾಡೋಣ. ಮೊದಲನೆಯದು ಆಂಟನಿ ಹೊರೊವಿಟ್ಸ್ ಎಂಬ ಆಂಗ್ಲ ಲೇಖಕನದು. ೨೦೦೦ರಲ್ಲಿ ಹೊರಟ 'ಸ್ಟಾರ್ಮ್‌ಬ್ರೇಕರ್' ಎಂಬ ಕಾದಂಬರಿಯಿಂದ ಅದು ಮೊದಲಾಯಿತು. ನಾಯಕನಾದ ಅಲೆಕ್ಸ್ ರೈಡರನಿಗೆ ೧೪ ವರ್ಷ. ತಂದೆತಾಯಿಗಳು ಹಿಂದೆಯೇ ಸತ್ತಿರುವರು. ಅವನನ್ನು ಸಾಕಿದ, ತಂದೆಯ ಸೋದರನೂ ಕೊಲೆಯಾಗುವನು. ಆಗ ಬ್ರಿಟಿಷ್ ಗುಪ್ತಚಾರ ಇಲಾಖೆಯ ಮುಖ್ಯಾಧಿಕಾರಿಯು ಹುಡುಗನನ್ನು ತನ್ನ ಕೆಲಸಕ್ಕೆ ಕರೆಯುವನು. ಹುಡುಗನು ಒಲ್ಲೆನೆನ್ನಲು, ಮನೆವಾರ್ತೆ ನೋಡಿಕೊಂಡಿರುವ ಹೆಂಗಸನ್ನು ಅವಳ ದೇಶವಾದ ಅಮೆರಿಕಕ್ಕೆ ಅಟ್ಟಿಬಿಡುವೆವೆಂದೂ, ಅವನನ್ನು ದಿಕ್ಕಿಲ್ಲದ ಮಕ್ಕಳ ಸಂಸ್ಥೆಗೆ ಸೇರಿಸುವೆವೆಂದೂ ಹೆದರಿಸಿ ಒಪ್ಪಿಸುವನು.

ಎರಡನೆಯದು ರಾಬರ್ಟ್ ಮುಚಮೋರ್ ಎಂಬವನದು. ೨೦೦೪ರ 'ದಿ ರಿಕ್ರೂಟ್' ಎಂಬುದು ಅದರ ಮೊದಲ ಗ್ರಂಥ. 'ಚೆರಬ್' ಎಂಬ ಗುಪ್ತಸಂಸ್ಥೆಯೊಂದು ಅನಾಥ ಮಕ್ಕಳನ್ನು ಸೇರಿಸಿಕೊಂಡು, ೧೦೦ ದಿನಗಳ ಕಠಿಣವಾದ ಶಿಕ್ಷಣವನ್ನು ಕೊಟ್ಟು, ೧೦ರಿಂದ ೧೭ನೆಯ ವಯಸ್ಸಿನವರೆಗೆ ಅವರನ್ನು ಬೇಹಿಗೆ ಕಳುಹಿಸುವುದು. ದೊಡ್ಡವರು ಮಕ್ಕಳನ್ನು ಶಂಕಿಸುವುದಿಲ್ಲವೆಂಬುದೇ ಈ ಸಂಸ್ಥೆಯ ಮೂಲಸೂತ್ರ. ತನ್ನ ಸೋದರಿಯ ಮಗನು ಓದುವುದಕ್ಕೆ ತಕ್ಕ ಪುಸ್ತಕವಿಲ್ಲವೆಂದು ಗೊಣಗಿದುದೇ ಈ ಮಾಲೆಗೆ ಪ್ರೇರಣೆಯಾಯಿತೆಂದು ಗ್ರಂಥಕರ್ತನು ಹೇಳಿಕೊಂಡಿರುವನು. ಇದು ಸುಳ್ಳಲ್ಲದಿರಬಹುದು. ಪುಸ್ತಕವೆಂದರೆ ಮುಖ ತಿರುಗಿಸುತ್ತಿದ್ದ ಎಷ್ಟೋ ಹುಡುಗರು ಇವನ್ನು ಒಂದೇ ಪಟ್ಟಿಗೆ ಓದಿ ಮುಗಿಸಿರುವರು. ಮೊದಲ ಗ್ರಂಥಕ್ಕೆ ೨೦೦೫ರಲ್ಲಿ, ಮಕ್ಕಳೇ ಮತಕೊಟ್ಟು ಆರಿಸುವ ರೆಡ್ ಹೌಸ್ ಬಹುಮಾನವೂ ಬಂದಿತು. ಇವರ ಬರೆವಣಿಗೆ ಚುರುಕಾದುದು. ಅದರಲ್ಲಿ ಉಪದೇಶದ ಬೇಸರವಿಲ್ಲ. ಹುಡುಗರು ಹುಡುಗರಂತೆಯೇ ಮಾತನಾಡುವರು. ಇಷ್ಟನ್ನು ನಾವು ಸಂತೋಷದಿಂದಲೇ ಒಪ್ಪುತ್ತೇವೆ. ಶಕ್ತಿಯುಳ್ಳ ಲೇಖಕರಾದುದರಿಂದಲೇ ಅವರನ್ನು ಪ್ರಶ್ನಿಸಬೇಕಾಗಿದೆ. ಶಕ್ತಿಯಿಲ್ಲದವರ ಪುಸ್ತಕದಿಂದ ಯಾರಿಗೇನು ಕೇಡು?

೩

ಮುಚಮೋರನ ಎರಡನೆಯ ಕಾದಂಬರಿ 'ಕ್ಲಾಸ್ ಎ' ಎಂಬುದು ೨೦೦೪ರಲ್ಲಿಯೇ ಹೊರಟಿತು. ಬ್ರಿಟಿಷ್ ಕಾನೂನಿನಲ್ಲಿ ಅತ್ಯಂತ ಘೋರವೆಂದು ಎಣಿಸಲ್ಪಟ್ಟ ಮಾದಕವಸ್ತುಗಳ ವರ್ಗಕ್ಕೆ ಆ ಹೆಸರು. ಲೂಟನ್ ಪಟ್ಟಣದ ಕೀತ್ ಮೂರ್ ಎಂಬ ಕೊಕೇನ್ ವ್ಯಾಪಾರಿಯನ್ನು ಹಿಡಿಯಬೇಕು. ಅದಕ್ಕೆ ದಾರಿಯೇನು? ಅವನಿಗೆ ನಾಲ್ವರು ಮಕ್ಕಳಿರುವರು. ಅವರೊಡನೆ ನಮ್ಮ ಮಕ್ಕಳು ಗೆಳೆತನ ಬೆಳೆಸಲಿ, ಎಂಬುದು ಸಂಸ್ಥೆಯ ಉಪಾಯ. ನಾಯಕನಾದ ಜೇಮ್ಸ್ ಎಂಬ ಹನ್ನೆರಡು ವರ್ಷದ ಹುಡುಗನ ಪಾಲಿಗೆ ಬಂದವನು, ಜೂನಿಯರ್ ಎಂದು ಕರೆಯಲ್ಪಡುವ ಅದೇ ವಯಸ್ಸಿನ ಮಗ. ಇಬ್ಬರೂ ಜೊತೆಯಲ್ಲಿ ಮುಷ್ಟಿಯುದ್ಧವನ್ನು ಕಲಿಯುವರು, ಜೊತೆಯಲ್ಲಿ ತುಂಟತನ ಮಾಡುವರು. ಜೇಮ್ಸನು ಮೂರನ ಮನೆಯ ಹುಡುಗನಂತೆಯೇ ಆಗುವನು. ಮೂರನು ಅಮೆರಿಕದ ಮಿಯಾಮಿಗೆ ವಿಹಾರಕ್ಕೆ ಹೊರಟಾಗ ಮಗನೊಡನೆ ಅವನನ್ನೂ ಕರೆದೊಯ್ಯುವನು. ಕೊನೆಗೆ ಮೂರನು ಸಿಕ್ಕಿಬೀಳುವನು. ಜೇಮ್ಸನು ತನ್ನ ನಿಲಯಕ್ಕೆ ಹಿಂತಿರುಗಿ ಶಹಬಾಸು ಎನ್ನಿಸಿಕೊಳ್ಳುವನು.

ಜೂನಿಯರನ ಗತಿ? ಅವನು ಮಾದಕವಸ್ತುವನ್ನು ಮಾರುತ್ತಿದ್ದವನಲ್ಲ. ಮಾರುತ್ತಿದ್ದವನ ಹೊಟ್ಟೆಯಲ್ಲಿ ಹುಟ್ಟಿದವನು. ಅವನು ಮಾಡಿದ ತಪ್ಪೆಂದರೆ ಹೊಸದಾಗಿ ಬಂದ ಹುಡುಗನೊಬ್ಬನನ್ನು ಗೆಳೆಯನೆಂದು ನಂಬಿದುದು. ೨೦೦೭ರ 'ಮ್ಯಾಡ್ ಡಾಗ್ಸ್' ಎಂಬ ಕಾದಂಬರಿಯಲ್ಲಿ ಗ್ರಂಥಕರ್ತನು ಅವನನ್ನು ಮತ್ತೆ ರಂಗಕ್ಕೆ ತರುವನು. ಏತಕ್ಕಾಗಿ? ಜೇಮ್ಸನು ಅವನೆದುರಿಗೆ ತಲೆತಗ್ಗಿಸುವುದಕ್ಕಾಗಿ ಅಲ್ಲ. ಲೂಟನ್ನಿನ ಇನ್ನೊಂದು ಪುಂಡರ ಕೂಟದೊಳಕ್ಕೆ ನುಗ್ಗುವುದಕ್ಕೆ ಹಳೆಯ ಗೆಳೆತನವನ್ನು ಎರಡನೆಯ ಸಲ ಉಪಯೋಗಿಸುವುದಕ್ಕಾಗಿ! ಜೇಮ್ಸನಿಗೆ ಆಗಾಗ ಮನಸ್ಸು ಚುಚ್ಚುವುದುಂಟು, ಇಲ್ಲವೆನ್ನಲಾರೆವು. ಆದರೆ ಆ ಚುಚ್ಚುವಿಕೆಯು ಕಥೆಯ ಓಟವನ್ನು ಕ್ಷಣಮಾತ್ರವೂ ತಡೆಯುವುದಿಲ್ಲ. ಅದು ಊಟದ ಮಧ್ಯದಲ್ಲಿ ಸಿಕ್ಕಿದ ಕಲ್ಲಿನಂತೆ. ಉಗುಳಿ ಊಟವನ್ನು ಮುಂದುವರಿಸಬಹುದು.

ಇದೇ 'ಕ್ಲಾಸ್ ಎ'ಯಲ್ಲಿ ಇನ್ನೊಂದು ಪ್ರಸಂಗವಿದೆ. ಕೂಟದೊಳಕ್ಕೆ ಕಳುಹಿಸಲ್ಪಟ್ಟ ಮಕ್ಕಳಲ್ಲಿ ಒಬ್ಬಳು ಹುಡುಗಿ ತಾನೇ ಕೊಕೇನಿನ ರುಚಿ ನೋಡುವಳು. ಸಂಸ್ಥೆಯು ಅವಳನ್ನು ಹೊರದೂಡುವುದು. ಕೊಕೇನ್ ಹರಿದಾಡುವ ಮನೆಗೆ ಆ ಮಗುವನ್ನು ಕಳುಹಿಸಿದವರು ಯಾರು? ಅಲ್ಲಿ ಎಲ್ಲರಂತಿರು, ಬೇರೆಯವಳಂತೆ ತೋರಬೇಡ, ಎಂದು ಕಲಿಸಿದವರು ಯಾರು? ಕೆಸರಿಗೆ ಇಳಿಸಿದವರೇ ಕಾಲಿಗೆ ಕೆಸರಾಯಿತೆಂದು ದಂಡಿಸುವ ಈ ನ್ಯಾಯವನ್ನು ಗ್ರಂಥಕರ್ತನು ಶಿಸ್ತೆಂದು ತೋರಿಸುವನೇ ಹೊರತು, ಅದನ್ನು ಕುರಿತು ಒಂದು ಕಟುವಾದ ಮಾತನ್ನೂ ತನ್ನ ವಾಚಕನ ಕಿವಿಯಲ್ಲಿ ಹಾಕುವುದಿಲ್ಲ.

೪

ಈ ಕಥೆಗಳ ನಾಯಕರೆಲ್ಲರೂ ಅನಾಥರೇ ಆಗಿರುವುದೇಕೆ? ತಂದೆತಾಯಿಗಳಿದ್ದರೆ ಮಗುವನ್ನು ಇಂತಹ ಕೆಲಸಕ್ಕೆ ಬಿಡುತ್ತಿರಲಿಲ್ಲ, ಆದುದರಿಂದ ಕಥೆ ನಡೆಯುತ್ತಿರಲಿಲ್ಲ, ಎಂಬುದು ಸುಲಭವಾದ ಉತ್ತರ. ಉತ್ತರವು ಸುಲಭವಾದರೂ ಅದರೊಳಗೆ ಒಂದು ಭಯಂಕರವಾದ ಒಪ್ಪಿಗೆ ಅಡಗಿದೆ. ಕೇಳುವವರಿದ್ದ ಮಗುವನ್ನು ಹೀಗೆ ಬಳಸಲಾಗದು. ಕೇಳುವವರಿಲ್ಲದ ಮಗುವನ್ನು ಬಳಸಬಹುದು.

ಈ ರಹಸ್ಯವು ನಮ್ಮ ಪ್ರಾಚೀನರಿಗೂ ತಿಳಿದಿತ್ತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿದರೆ, ಗೂಢಪುರುಷರನ್ನು ಹೇಳುವ ಭಾಗದಲ್ಲಿ 'ಸತ್ರಿ' ಎಂಬವನ ಲಕ್ಷಣವು ಕಾಣುವುದು. ಬಂಧುಗಳಿಲ್ಲದವರೂ, ರಾಜನೇ ಅವಶ್ಯವಾಗಿ ಪೋಷಿಸಬೇಕಾದವರೂ ಆದವರನ್ನು ಸಾಮುದ್ರಿಕ, ಶಕುನ, ಇಂದ್ರಜಾಲ ಮುಂತಾದ ವಿದ್ಯೆಗಳಲ್ಲಿ ಶಿಕ್ಷಣಗೊಳಿಸಿ ಬೇಹಿಗೆ ಬಿಡತಕ್ಕದ್ದೆಂದು ಅವನ ವಿಧಿ. ಆ ವಿದ್ಯೆಗಳ ಪಟ್ಟಿಯಲ್ಲಿ 'ಸಂಸರ್ಗವಿದ್ಯೆ'ಯೂ ಒಂದು. ಎಂದರೆ ಜನರೊಡನೆ ಬೆರೆಯುವ, ಅವರ ಮನಸ್ಸಿನೊಳಕ್ಕೆ ಇಳಿಯುವ ವಿದ್ಯೆ. ಚೆರಬ್ ಸಂಸ್ಥೆಯ ಪಾಠಪಟ್ಟಿಕೆಯನ್ನು ಕೌಟಿಲ್ಯನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟನೆಂದರೆ ತಪ್ಪಾಗದು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೌಟಿಲ್ಯನು ರಾಜ್ಯತಂತ್ರವನ್ನು ರಾಜನಿಗೆ ಹೇಳಿದನು. ಇದು ಆ ಅನಾಥನಿಗೆ ಹಿತವೆಂದು ಅವನು ಎಲ್ಲಿಯೂ ಸೋಗುಹಾಕಲಿಲ್ಲ. ರಾಜ್ಯಕ್ಕೆ ಪ್ರಯೋಜನವುಂಟೆಂದನು, ಅಷ್ಟಕ್ಕೆ ನಿಲ್ಲಿಸಿದನು. ನಮ್ಮ ಕಾಲದ ಕಾದಂಬರಿಕಾರನು ಅದೇ ತಂತ್ರವನ್ನು ಆ ಅನಾಥನ ವಯಸ್ಸಿನ ವಾಚಕನಿಗೇ ಬಡಿಸಿ, ಇದು ನಿನಗೆ ಸಿಕ್ಕಬಹುದಾದ ಪರಮ ಭಾಗ್ಯವೆನ್ನುವನು. ನಿಲಯದಲ್ಲಿ ಒಳ್ಳೆಯ ಕೊಠಡಿಯುಂಟು, ಈಜುಕೊಳವುಂಟು, ಸಾಹಸಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಅಂಗಿಗಳುಂಟು. ಕೌಟಿಲ್ಯನ ಕಠೋರತೆಯಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿತ್ತು. ಇವರ ಮೃದುತ್ವದಲ್ಲಿ ಅದಿಲ್ಲ.

೫

ಬಾಲಕನು ದುಷ್ಟರ ಮಧ್ಯೆ ಸಿಕ್ಕಿಕೊಳ್ಳುವ ಕಥೆಯು ಇಂಗ್ಲಿಷು ಸಾಹಿತ್ಯಕ್ಕೆ ಹೊಸದಲ್ಲ. ಹಿಂದಿನವರು ಅದನ್ನು ಹೇಗೆ ನಡೆಸಿದರೆಂಬುದನ್ನು ನೋಡಿದರೆ ಇಂದಿನವರು ಎಲ್ಲಿ ಜಾರಿದರೆಂಬುದು ಸ್ಪಷ್ಟವಾಗುವುದು.

ಡಿಕನ್ಸನ 'ಆಲಿವರ್ ಟ್ವಿಸ್ಟ್' ೧೮೩೭ರಿಂದ ೧೮೩೯ರವರೆಗೆ ಭಾಗಭಾಗವಾಗಿ ಹೊರಟಿತು. ಅದರಲ್ಲಿಯೂ ಕಳ್ಳರ ಕೂಟವುಂಟು, ಮಕ್ಕಳುಂಟು, ಬೇಹುಗಾರನೂ ಉಂಟು. ಧರ್ಮಶಾಲೆಯಲ್ಲಿ ಓದಿದ ನೋಆ ಕ್ಲೇಪೋಲ್ ಎಂಬ ತರುಣನನ್ನು ಫೇಗಿನ್ ಎಂಬ ಕಳ್ಳರ ಗುರುವು ನ್ಯಾನ್ಸಿಯೆಂಬವಳ ಬೆನ್ನ ಹಿಂದೆ ಬಿಡುವನು. ಲಂಡನ್ ಸೇತುವೆಯ ಬಳಿ ಅವನು ಅವಿತು ಕೇಳಿದ ಮಾತೇ ಆ ದೌರ್ಭಾಗ್ಯೆಯ ಕೊಲೆಗೆ ಕಾರಣವಾಗುವುದು. ಕಥೆಯ ಕೊನೆಯಲ್ಲಿ ನೋಆ ಶಿಕ್ಷೆಯಿಂದ ತಪ್ಪಿಸಿಕೊಂಡು, ಇತರರ ಮೇಲೆ ಚಾಡಿ ಹೇಳುವುದನ್ನೇ ಹೊಟ್ಟೆಪಾಡನ್ನಾಗಿ ಮಾಡಿಕೊಳ್ಳುವನು. ಅವಿತು ಕೇಳುವುದಕ್ಕೆ ಬೆಲೆಯುಂಟು, ಅದನ್ನು ತೆರುವವರು ಬೇರೆಯವರು ಎಂಬುದನ್ನು ಡಿಕನ್ಸನು ಮುಚ್ಚಲಿಲ್ಲ.

೧೮೮೩ರಲ್ಲಿ ಪುಸ್ತಕವಾಗಿ ಹೊರಟ ಸ್ಟೀವನ್ಸನ್ನನ 'ಟ್ರೆಷರ್ ಐಲೆಂಡ್' ಹುಡುಗರ ಕಥೆಗಳಲ್ಲಿ ರತ್ನಪ್ರಾಯವಾದುದು. ಜಿಮ್ ಹಾಕಿನ್ಸನು ಸೇಬಿನ ಪೀಪಾಯಿಯೊಳಗೆ ಕುಳಿತು ಕಡಲ್ಗಳ್ಳರ ಪಿತೂರಿಯನ್ನು ಕೇಳುವನು. ಆದರೆ ಅವನನ್ನು ಅಲ್ಲಿಗೆ ಯಾರೂ ಕಳುಹಿಸಿರಲಿಲ್ಲ. ಮುಂದೆ ಅವನು ಕಳ್ಳರ ಕೈಗೇ ಸಿಕ್ಕಿಬೀಳುವನು. ಮಾತನಾಡಿಸಲು ಬಂದ ವೈದ್ಯನು ಬೇಲಿಯನ್ನು ಹಾರಿ ತನ್ನೊಡನೆ ಓಡಿಬಾ ಎಂದು ಬೇಡಿಕೊಳ್ಳುವನು. ಜಿಮ್ಮನು ಒಪ್ಪುವುದಿಲ್ಲ, ಓಡಿಹೋಗುವುದಿಲ್ಲವೆಂದು ಆ ಕಳ್ಳರ ನಾಯಕನಾದ ಸಿಲ್ವರನಿಗೆ ಮಾತುಕೊಟ್ಟಿದ್ದೇನೆ ಎನ್ನುವನು. ಕೊಲೆಗಡುಕನಿಗೆ ಕೊಟ್ಟ ಮಾತು! ಪ್ರಾಣ ಹೋಗುವ ಸಂದರ್ಭ! ಹುಲಿಗೆ ಕೊಟ್ಟ ಮಾತನ್ನು ನಡೆಸಿದ ಪುಣ್ಯಕೋಟಿಯ ಕಥೆಯನ್ನು ತೊಟ್ಟಿಲಿನಿಂದ ಕೇಳಿ ಬಂದ ನಮ್ಮ ಮಕ್ಕಳಿಗೆ ಜಿಮ್ಮನ ಈ ನಡತೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅದೇ ಮಕ್ಕಳಿಗೆ ಜೇಮ್ಸನ ನಡತೆಯನ್ನು ಯಾರು ವಿವರಿಸುವರು?

ಕಿಪ್ಲಿಂಗನ 'ಕಿಮ್' ೧೯೦೧ರ ಗ್ರಂಥ. ಬಾಲಗೂಢಚಾರನ ಕಥೆಗಳಿಗೆಲ್ಲ ಅದೇ ಮೂಲವೆನ್ನಬಹುದು. ಅವನ ರಾಜಕೀಯವು ನಮಗೆ ಒಪ್ಪತಕ್ಕದ್ದಲ್ಲ. ಆದರೂ ಅನಾಥನಾದ ಕಿಮ್ಮನನ್ನು ಬ್ರಿಟಿಷರ ಬೇಹಿನ ಆಟಕ್ಕೆ ಸೇರಿಸಿದ ಕಿಪ್ಲಿಂಗನು, ಅವನ ಪಕ್ಕದಲ್ಲಿಯೇ ಏನನ್ನೂ ಅರಿಯದ ಮುದುಕ ಲಾಮನನ್ನು ನಿಲ್ಲಿಸಿದನು. ಹುಡುಗನ ಬೇಹಿಗೆ ಲಾಮನ ಯಾತ್ರೆಯೇ ಮರೆ; ಹುಡುಗನ ವಿದ್ಯೆಗೆ ಲಾಮನೇ ಹಣ ಕೊಡುವವನು. ಕೊನೆಗೆ ಕಿಮ್ಮನು ದೇಹ ಮನಸ್ಸುಗಳೆರಡೂ ಕುಸಿದು ಗುರುವಿನ ಪಾದದ ಬಳಿ ಬಿಕ್ಕಿ ಬಿಕ್ಕಿ ಅಳುವನು. ಪ್ರೀತಿಸುವವನನ್ನು ಮರೆಯಾಗಿ ಬಳಸಿಕೊಂಡುದರ ಭಾರವು ಅಲ್ಲಿ ಕಥೆಯ ನಡುವೆಯೇ ಇದೆ. ಸಾಮ್ರಾಜ್ಯವಾದಿಯಾದ ಕಿಪ್ಲಿಂಗನಿಗೆ ಕಂಡ ಈ ಭಾರವು ಪ್ರಜಾಪ್ರಭುತ್ವದ ಕಾಲದ ಕಾದಂಬರಿಕಾರರಿಗೆ ಕಾಣದೆ ಹೋದುದು ಆಶ್ಚರ್ಯವಲ್ಲವೆ?

ಮಕ್ಕಳು ಕಳ್ಳರನ್ನು ಹಿಡಿಯಬಾರದೆಂದು ಇದರ ಅರ್ಥವಲ್ಲ. ಜರ್ಮನ್ ಲೇಖಕನಾದ ಏರಿಕ್ ಕೆಸ್ಟ್ನರನ 'ಎಮಿಲ್ ಮತ್ತು ಪತ್ತೇದಾರರು' ಎಂಬ ೧೯೨೯ರ ಕಥೆಯಲ್ಲಿ, ಹಣ ಕಳೆದುಕೊಂಡ ಹುಡುಗನೊಬ್ಬನಿಗೆ ಬರ್ಲಿನ್ನಿನ ಹುಡುಗರೆಲ್ಲ ಸೇರಿ ಕಳ್ಳನನ್ನು ಹಿಂಬಾಲಿಸಿ ಸುತ್ತುವರಿದು ಹಿಡಿದುಕೊಡುವರು. ಅಲ್ಲಿ ಸಾಹಸವುಂಟು, ಯುಕ್ತಿಯುಂಟು. ಯಾರ ನಂಬಿಕೆಯನ್ನೂ ಕೊಂಡು ಮಾರಿದುದಿಲ್ಲ.

೬

"ಇದು ಕಟ್ಟುಕಥೆಯಷ್ಟೆ, ನಿಜವಾಗಿ ಮಕ್ಕಳನ್ನು ಯಾರು ಬೇಹಿಗೆ ಕಳುಹಿಸುವರು?" ಎಂದು ಕೆಲವರು ನಗಬಹುದು. ಈ ನಗುವಿಗೆ ಆಧಾರವಿಲ್ಲ.

ಇಂಗ್ಲೆಂಡಿನಲ್ಲಿ ಗುಪ್ತವಾಗಿ ಸಮಾಚಾರ ಕೊಡುವವರನ್ನು ಕುರಿತ ಕಾನೂನು ೨೦೦೦ರದು. ಅದೇ ವರ್ಷ, ಅಲೆಕ್ಸ್ ರೈಡರನೂ ಹುಟ್ಟಿದ ವರ್ಷ, ೧೮ ವರ್ಷಕ್ಕೆ ಕೆಳಗಿನವರನ್ನು ಈ ಕೆಲಸಕ್ಕೆ ಬಳಸುವ ವಿಷಯದಲ್ಲಿ ಪ್ರತ್ಯೇಕವಾದ ಆಜ್ಞೆಯೂ ಹೊರಟಿತು. ಒಂದು ಸಲ ಕೊಟ್ಟ ಅನುಮತಿಯು ಒಂದು ತಿಂಗಳು ಮಾತ್ರ ಊರ್ಜಿತವಾಗಿತ್ತು; ೨೦೧೮ರಲ್ಲಿ ಅದನ್ನು ನಾಲ್ಕು ತಿಂಗಳಿಗೆ ವಿಸ್ತರಿಸಿದರು. ಪ್ರಭುಗಳ ಸಭೆಯ ಸಮಿತಿಯೊಂದು ಕಳವಳವನ್ನು ಸೂಚಿಸಿದಾಗ ಸರ್ಕಾರವು ಕೊಟ್ಟ ಸಮಾಧಾನವೇನು? ಪುಂಡರ ಕೂಟಗಳಲ್ಲಿಯೂ ಮಾದಕವಸ್ತುಗಳ ಸಾಗಣೆಯಲ್ಲಿಯೂ ಬಾಲರು ಹೆಚ್ಚುಹೆಚ್ಚಾಗಿ ಸಿಕ್ಕಿಕೊಳ್ಳುತ್ತಿರುವುದರಿಂದ, ಅವರ ಸಮಾಚಾರವು ಬಾಲರಿಂದಲೇ ದೊರೆಯಬೇಕಾಗಿದೆ, ಎಂಬುದು ಅದರ ಸಾರಾಂಶ. ೨೦೧೫ರ ಜನವರಿಯಿಂದ ೨೦೧೮ರ ಕೊನೆಯವರೆಗೆ ೧೭ ಸಲ ಇಂತಹ ಅನುಮತಿ ಕೊಡಲ್ಪಟ್ಟಿತೆಂದು ಅಧಿಕೃತವಾಗಿ ಹೊರಬಿದ್ದಿತು. ಅವರಲ್ಲಿ ಒಬ್ಬರಿಗೆ ೧೫ ವರ್ಷ, ಉಳಿದವರಿಗೆ ೧೬ ಅಥವಾ ೧೭. ಮಕ್ಕಳ ಪರವಾದ ಒಂದು ಸಂಸ್ಥೆಯು ತಂದ ದಾವೆಯನ್ನು ೨೦೧೯ರಲ್ಲಿ ಹೈಕೋರ್ಟು ವಜಾಮಾಡಿತು. ೨೦೨೧ರಲ್ಲಿ ಇನ್ನೊಂದು ಕಾನೂನು ಬಂದಿತು. ಬೇಹಿಗೆ ಹೋದವರು ಅಪರಾಧಕೃತ್ಯದಲ್ಲಿಯೂ ಪಾಲುಗೊಳ್ಳುವುದಕ್ಕೆ ಅದು ಅನುಮತಿ ಕೊಡುವುದು; ಪಾರ್ಲಿಮೆಂಟಿನಲ್ಲಿ ಬಹಳವಾದ ವಾಗ್ವಾದವಾದ ಮೇಲೆ, ಬಾಲರಿಗೆ ಅದು ಅಸಾಧಾರಣ ಸಂದರ್ಭಗಳಲ್ಲಿ ಮಾತ್ರವೆಂದು ಕಟ್ಟುಹಾಕಲಾಯಿತು.

೨೦೦೦ರ ಆಜ್ಞೆಯಲ್ಲಿ ಒಂದು ನಿಯಮವಿದೆ. ೧೬ ವರ್ಷಕ್ಕೆ ಕೆಳಗಿನ ಮಗುವನ್ನು ಅದರ ತಂದೆತಾಯಿಗಳ ಮೇಲೆಯೇ ಬೇಹಿಗೆ ಬಿಡಕೂಡದು. ಈ ನಿಯಮವನ್ನು ಬರೆದವರ ಮನಸ್ಸನ್ನು ಯೋಚಿಸಿ ನೋಡಿರಿ. ನಂಬಿದವರನ್ನು ಹಿಡಿದುಕೊಡುವುದರಿಂದ ಮಗುವಿನ ಒಳಗೆ ಏನೋ ಮುರಿಯುವುದೆಂಬುದು ಅವರಿಗೆ ತಿಳಿದಿತ್ತು. ತಂದೆತಾಯಿಗಳ ವಿಷಯದಲ್ಲಿ ಅದನ್ನು ತಡೆದರು. ಗೆಳೆಯನ ವಿಷಯದಲ್ಲಿ ಅಂತಹ ತಡೆಯೊಂದನ್ನೂ ಬರೆಯಲಿಲ್ಲ. ಹದಿನೈದರ ಹುಡುಗನಿಗೆ ಗೆಳೆಯನ ನಂಬಿಕೆಯು ಅಷ್ಟು ಹಗುರವಾದುದೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೯೮ರಲ್ಲಿ, ಮಾದಕವಸ್ತುಗಳ ವಿಷಯದಲ್ಲಿ ಪೋಲೀಸರಿಗೆ ಸಮಾಚಾರ ಕೊಡುತ್ತಿದ್ದ ೧೭ ವರ್ಷದ ಹುಡುಗನೊಬ್ಬನು ಚಿತ್ರಹಿಂಸೆಗೊಳಗಾಗಿ ಕೊಲೆಯಾದನು. ಅದೇ ವರ್ಷ ಆ ಸಂಸ್ಥಾನದ ಶಾಸನಸಭೆಯು ಕಾನೂನು ಮಾಡಿ, ೧೨ ವರ್ಷ ಮತ್ತು ಅದಕ್ಕೆ ಕೆಳಗಿನ ಮಕ್ಕಳನ್ನು ಇಂತಹ ಕೆಲಸಕ್ಕೆ ಬಳಸಕೂಡದೆಂದೂ, ಅದಕ್ಕೆ ಮೇಲ್ಪಟ್ಟ ಬಾಲರಿಗೆ ನ್ಯಾಯಾಲಯದ ಅಪ್ಪಣೆ ಬೇಕೆಂದೂ ವಿಧಿಸಿತು. ಕಾದಂಬರಿಯಲ್ಲಿ ಹನ್ನೆರಡರ ಹುಡುಗನು ಮಿಯಾಮಿಯಿಂದ ಸುಖವಾಗಿ ಹಿಂತಿರುಗಿದನು. ಲೋಕದಲ್ಲಿ ಹದಿನೇಳರ ಹುಡುಗನು ಮನೆಗೆ ಹಿಂತಿರುಗಲಿಲ್ಲ.

ಇನ್ನು ದುಷ್ಟರ ಕಡೆಯನ್ನು ನೋಡೋಣ. ಮಾದಕವಸ್ತುಗಳ ವ್ಯಾಪಾರಿಗಳು ಮಕ್ಕಳ ಕೈಯಲ್ಲಿ ಸರಕನ್ನು ಕೊಟ್ಟು ಸಾಗಿಸುವುದೇಕೆ? ಮಕ್ಕಳನ್ನು ಯಾರೂ ಶಂಕಿಸುವುದಿಲ್ಲವೆಂದು. ಸಿಕ್ಕಿಬಿದ್ದರೆ ಕೇಳುವವರಿಲ್ಲದ ಮಕ್ಕಳನ್ನು ಕೈಬಿಡುವುದು ಸುಲಭವೆಂದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೯೯ರ ೧೮೨ನೆಯ ಒಡಂಬಡಿಕೆಯು ಇದನ್ನು ಬಾಲಕಾರ್ಮಿಕತೆಯ ಅತಿಹೀನ ಪ್ರಕಾರಗಳಲ್ಲಿ ಒಂದೆಂದು ಸಾರಿತು. ಭಾರತವು ೨೦೧೭ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ೨೦೧೫ರ ಬಾಲನ್ಯಾಯ ಕಾನೂನಿನಲ್ಲಿ, ಮಾದಕವಸ್ತುಗಳನ್ನು ಮಾರಲು ಸಾಗಿಸಲು ಮಗುವನ್ನು ಬಳಸಿದವನಿಗೆ ಏಳು ವರ್ಷದವರೆಗೆ ಕಠಿಣ ಸಜೆಯುಂಟು. ಇದೆಲ್ಲವೂ ನ್ಯಾಯವೇ. ಆದರೆ ಚೆರಬ್ ಸಂಸ್ಥೆಯ ಮೂಲಸೂತ್ರವು ಈ ವ್ಯಾಪಾರಿಯ ಮೂಲಸೂತ್ರಕ್ಕಿಂತ ಯಾವ ಅಕ್ಷರದಲ್ಲಿ ಬೇರೆ? ಇಬ್ಬರೂ ಒಂದೇ ಮಗುವನ್ನು ಒಂದೇ ಕಾರಣಕ್ಕಾಗಿ ಆರಿಸುವರು. ಉದ್ದೇಶಗಳಲ್ಲಿ ಅಜಗಜಾಂತರವಿರಬಹುದು, ಮಗುವಿನ ಬೆನ್ನಿಗೆ ಹೊರೆಯು ಒಂದೇ.

೭

ಪ್ರತಿಪಕ್ಷದವರ ಮಾತುಗಳನ್ನು ಮರೆಮಾಡುವುದು ನ್ಯಾಯವಲ್ಲ. ಅವರು ಮೂರು ಸಮಾಧಾನಗಳನ್ನು ಹೇಳುವರು.

ಒಂದನೆಯದು: ಮುಚಮೋರನ ಕಥೆಯಲ್ಲಿ ಯಾವ ಮಗುವನ್ನೂ ಬಲಾತ್ಕರಿಸುವುದಿಲ್ಲ, ಒಪ್ಪದ ಕೆಲಸವನ್ನು ನಿರಾಕರಿಸಬಹುದು, ಪ್ರತಿಯೊಂದು ಕೆಲಸವೂ ಧರ್ಮಾಧರ್ಮಗಳನ್ನು ನೋಡುವ ಸಮಿತಿಯೊಂದರ ಮುಂದೆ ಬರುವುದು. ನಿಜ. ಆದರೆ ಮನೆ, ಅನ್ನ, ಬಟ್ಟೆ, ಗೆಳೆಯರು, ಮರ್ಯಾದೆ ಎಲ್ಲವನ್ನೂ ಒಂದೇ ಸಂಸ್ಥೆಯಿಂದ ಪಡೆಯುವ ಹನ್ನೆರಡರ ಅನಾಥನು ಬಾಯಲ್ಲಿ 'ಒಲ್ಲೆ' ಎಂಬ ಮಾತನ್ನು ಎಷ್ಟು ಸಲ ತರಬಲ್ಲನು? ಸಾಹಸಕ್ಕೆ ತಕ್ಕಂತೆ ಅಂಗಿಯ ಬಣ್ಣ ಬದಲಾಗುವ ಕಡೆ ನಿರಾಕರಣೆಗೆ ಯಾವ ಬಣ್ಣ? ಇನ್ನು ಆ ಸಮಿತಿಯು ಎಣಿಸುವುದು ತನ್ನ ಮಗುವಿಗೆ ಬರಬಹುದಾದ ಅಪಾಯವನ್ನು. ಜೂನಿಯರನ ಪರವಾಗಿ ಅಲ್ಲಿ ಮಾತನಾಡುವವರು ಯಾರು?

ಎರಡನೆಯದು: ಹೊರೊವಿಟ್ಸನ ಅಲೆಕ್ಸನು ಮನಸ್ಸಿಲ್ಲದೆ ಹೋಗುವವನು, ಬರಬರುತ್ತ ಕುಂದುವವನು, ಇಲಾಖೆಯವರು ಕರುಣೆಯಿಲ್ಲದವರೆಂದು ಗ್ರಂಥಕರ್ತನೇ ತೋರಿಸಿರುವನು. ಇದೂ ನಿಜ, ಈ ದೃಷ್ಟಿಯಿಂದ ಇಬ್ಬರಲ್ಲಿ ಹೊರೊವಿಟ್ಸನೇ ಮೇಲು. ಆದರೆ ಅವನೂ ದುಷ್ಟರನ್ನು ನಂಬಲಸಾಧ್ಯವಾದ ರಾಕ್ಷಸರನ್ನಾಗಿ ಮಾಡಿ ಕಷ್ಟವಾದ ಪ್ರಶ್ನೆಯಿಂದ ಜಾರಿಕೊಳ್ಳುವನು. ರಾಕ್ಷಸನಿಗೆ ಮೋಸಮಾಡಿದರೆ ಯಾರ ಮನಸ್ಸೂ ನೋಯದು. ದುಷ್ಟನ ಮನೆಯಲ್ಲಿ ದುಷ್ಟನಲ್ಲದ ಒಬ್ಬನು ನಮ್ಮನ್ನು ನಂಬಿದಾಗಲೇ ಪರೀಕ್ಷೆ.

ಮೂರನೆಯದು: ಮಾದಕವಸ್ತುವಿನಿಂದ ಸಾವಿರಾರು ಮಕ್ಕಳು ಹಾಳಾಗುವುದನ್ನು ತಪ್ಪಿಸಲು ಒಬ್ಬ ಹುಡುಗನ ಗೆಳೆತನವನ್ನು ಬಲಿಕೊಟ್ಟರೇನು? ಈ ಪ್ರಶ್ನೆಯನ್ನು ಗೌರವದಿಂದ ಕಾಣಬೇಕು. ದೊಡ್ಡವನೊಬ್ಬನು ಇಂತಹ ಬಲಿಯನ್ನು ತೂಗಿ ನೋಡಿ, ತಾನೇ ಕೊಟ್ಟು, ಅದರ ಭಾರವನ್ನು ತಾನೇ ಹೊತ್ತರೆ ನಾವು ಅವನನ್ನು ಹೀಯಾಳಿಸೆವು. ಆದರೆ ಇಲ್ಲಿ ತೂಗುವವನು ಒಬ್ಬ, ಹೊರುವವನು ಇನ್ನೊಬ್ಬ. ತೂಗುವವನು ಕಛೇರಿಯಲ್ಲಿ ಕುಳಿತ ಅಧಿಕಾರಿ. ಹೊರ ಹೊರಟವನು ಹನ್ನೆರಡರ ಹುಡುಗ. ತಾನು ಮಾತುಕೊಟ್ಟ ಗೆಳೆಯನ ಮುಖವನ್ನು ಬಾಳೆಲ್ಲ ನೆನೆಯಬೇಕಾದವನು ಅವನೇ. ಸಾವಿರ ಮಕ್ಕಳ ಹಿತವೆಂಬ ದೊಡ್ಡ ಮಾತಿನಿಂದ ಒಂದು ಮಗುವಿನ ಮೇಲೆ ಹೊರೆಯನ್ನು ಹೇರುವುದು, ಆ ಸಾವಿರದಲ್ಲಿ ಈ ಒಂದನ್ನು ಎಣಿಸದೆ ಬಿಟ್ಟಂತೆ.

೮

ಹೀಗಿರಲು ಮಾಡತಕ್ಕದ್ದೇನು? ಪುಸ್ತಕವನ್ನು ಕಸಿದುಕೊಂಡರೆ ಹುಡುಗನು ಅದನ್ನು ಅವಿತು ಓದುವನು. ಬೇಹುಗಾರಿಕೆಯ ಮೊದಲ ಪಾಠವನ್ನು ನಾವೇ ಕಲಿಸಿದಂತಾಗುವುದು. ಕಸಿದುಕೊಳ್ಳುವುದು ಬೇಡ, ನಾವೂ ಓದೋಣ. ಓದಿದ ಮೇಲೆ ಹುಡುಗನನ್ನು ಉಪದೇಶಿಸದೆ ಒಂದೇ ಒಂದು ಪ್ರಶ್ನೆಯನ್ನು ಕೇಳೋಣ: ಈ ಕಥೆಯನ್ನು ಜೂನಿಯರನು ಹೇಳಿದ್ದರೆ ಹೇಗೆ ಹೇಳುತ್ತಿದ್ದನು? ಹರೆಯದ ಮಕ್ಕಳಿಗೆ ನ್ಯಾಯಾನ್ಯಾಯಗಳ ಸೂಕ್ಷ್ಮವು ನಮಗಿಂತ ಹೆಚ್ಚಾಗಿ ತಿಳಿಯುವುದುಂಟು. ಗೆಳೆಯನಿಂದ ಮೋಸಹೋದ ನೋವನ್ನು ಅವರು ಪಾಠಶಾಲೆಯ ಅಂಗಳದಲ್ಲಿ ಆಗಲೇ ಅರಿತಿರುವರು. ಅದೇ ಕಪಾಟಿನಲ್ಲಿ ಸ್ಟೀವನ್ಸನ್ನನನ್ನೂ ಕೆಸ್ಟ್ನರನನ್ನೂ ಇಟ್ಟರೆ ಹೋಲಿಸಿ ನೋಡುವ ಕೆಲಸವನ್ನು ಅವರೇ ಮಾಡಿಕೊಳ್ಳುವರು.

ಕನ್ನಡದಲ್ಲಿ ಹರೆಯದವರಿಗಾಗಿ ಬರೆಯುವ ಲೇಖಕರಲ್ಲಿಯೂ ಒಂದು ಬಿನ್ನಹ. ನಮ್ಮ ಭಾಷೆಯಲ್ಲಿ ಈ ವಯಸ್ಸಿನವರಿಗೆ ಪುಸ್ತಕಗಳು ಇನ್ನೂ ಸಾಲವು. ಸಾಹಸದ ಕಥೆಗಳಂತೂ ಬೇಕೇ ಬೇಕು. ಇಂಗ್ಲಿಷಿನ ಈ ಮಾದರಿಯನ್ನು ತರಲಿಚ್ಛಿಸಿದರೆ ತರಬಹುದು. ಆದರೆ ಮೋಸಹೋದವನನ್ನು ಕೊನೆಯ ಪ್ರಕರಣದಿಂದ ಹೊರಗೆ ನಿಲ್ಲಿಸಬೇಡಿರಿ. ಅವನು ಬಾಗಿಲು ತಟ್ಟಲಿ. ನಾಯಕನು ಎದ್ದು ಬಾಗಿಲು ತೆರೆಯಲಿ. ಇಬ್ಬರೂ ಏನು ಮಾತನಾಡಿಕೊಳ್ಳುವರೆಂಬುದನ್ನು ಬರೆಯಿರಿ. ಬೆನ್ನಟ್ಟುವ ಓಟವನ್ನು ಬರೆಯುವುದಕ್ಕಿಂತ ಅದು ಕಷ್ಟ. ಬರೆದರೆ ಮಕ್ಕಳು ಮರೆಯರು.

ನಂಬಿದವನನ್ನು ಹಿಡಿದುಕೊಡುವುದು ರಾಜ್ಯಕ್ಕೆ ಕೆಲವು ವೇಳೆ ಅನಿವಾರ್ಯವಾಗಬಹುದು. ಆ ಕೆಲಸಕ್ಕೆ ದೊಡ್ಡವರೇ ಹೋಗಲಿ. ಅದರ ಪಾಪವನ್ನೂ ನಿದ್ದೆಯಿಲ್ಲದ ರಾತ್ರಿಗಳನ್ನೂ ದೊಡ್ಡವರೇ ಹೊರಲಿ. ಮಕ್ಕಳನ್ನು ಯಾರೂ ಶಂಕಿಸುವುದಿಲ್ಲವೆಂಬುದು ಅವರನ್ನು ಬಳಸಿಕೊಳ್ಳುವುದಕ್ಕೆ ಕಾರಣವಲ್ಲ. ಬಳಸಿಕೊಳ್ಳದಿರುವುದಕ್ಕೆ ಅದಕ್ಕಿಂತ ದೊಡ್ಡ ಕಾರಣವು ಬೇರೆ ಬೇಕಿಲ್ಲ.